ಕಾರಿನ ಹವಾನಿಯಂತ್ರಕದ ಕಂಪ್ರೆಸರ್ ಕ್ಲಚ್: ಕಾರ್ಯ ಮತ್ತು ದೋಷಪತ್ತೆ

ಕಂಪ್ರೆಸರ್ ಕ್ಲಚ್ ಎಂಬುದು ಕಾರಿನ ಹವಾನಿಯಂತ್ರಕದ, ಅಂದರೆ ಎಸಿಯ, ಕಂಪ್ರೆಸರನ್ನು ಎಂಜಿನ್ನಿನ ಚಲನೆಗೆ ಜೋಡಿಸುವ ಹಾಗೂ ಅದರಿಂದ ಬಿಡಿಸುವ ವಿದ್ಯುತ್ಕಾಂತೀಯ ಸಾಧನ. ಎಂಜಿನ್ ಓಡುತ್ತಿರುವಷ್ಟು ಕಾಲವೂ ಬೆಲ್ಟು ಕಂಪ್ರೆಸರಿನ ಪುಲ್ಲಿಯನ್ನು ತಿರುಗಿಸುತ್ತಲೇ ಇರುತ್ತದೆ. ಆದರೆ ಕ್ಲಚ್ ಹಿಡಿದಾಗ ಮಾತ್ರ ಆ ಚಲನೆ ಕಂಪ್ರೆಸರಿನ ಒಳಗಿನ ದಂಡವನ್ನು ತಲುಪುತ್ತದೆ. ಎಸಿ ಗುಂಡಿ ಒತ್ತಿದರೂ ಕ್ಲಚ್ ಹಿಡಿಯದಿದ್ದರೆ ಬ್ಲೋವರಿನಿಂದ ಗಾಳಿ ಬರುತ್ತದೆಯೇ ಹೊರತು ತಂಪು ಬರುವುದಿಲ್ಲ.

ಇಂತಹ ಸಂದರ್ಭದಲ್ಲಿ ಕಂಪ್ರೆಸರೇ ಕೆಟ್ಟಿದೆಯೆಂದು ಭಾವಿಸಿ ಅದನ್ನು ಬದಲಾಯಿಸುವುದು ಅಥವಾ ಪರೀಕ್ಷಿಸದೆ ಗ್ಯಾಸ್ ತುಂಬಿಸುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಆದರೆ ಕ್ಲಚ್ಚಿಗೆ ವಿದ್ಯುತ್ ಹೋಗದಂತೆ ತಡೆಯುವ ಹಲವು ರಕ್ಷಣಾ ಏರ್ಪಾಡುಗಳು ಈ ವ್ಯವಸ್ಥೆಯಲ್ಲೇ ಇವೆ. ಅವುಗಳಲ್ಲೊಂದು ತನ್ನ ಕೆಲಸವನ್ನು ಸರಿಯಾಗಿ ಮಾಡಿರುವುದರಿಂದಲೇ ಕಂಪ್ರೆಸರ್ ನಿಂತಿರಬಹುದು. ಕಂಪ್ರೆಸರ್ ಎಸಿಯ ಅತ್ಯಂತ ದುಬಾರಿ ಬಿಡಿಭಾಗಗಳಲ್ಲಿ ಒಂದು; ರಿಲೇ ಅಥವಾ ಫ್ಯೂಸು ಅತ್ಯಂತ ಅಗ್ಗದವು. ಹೊರಗಿನಿಂದ ನೋಡುವವರಿಗೆ ಇವೆರಡರ ದೋಷವೂ ಒಂದೇ ರೀತಿ ಕಾಣುತ್ತದೆ.

ಹಿನ್ನೆಲೆ

ಅಮೆರಿಕದ ಪ್ಯಾಕರ್ಡ್ ಕಂಪನಿಯು 1939ರಲ್ಲಿ, ತನ್ನ 1940ರ ಮಾದರಿಯ ಕಾರುಗಳೊಂದಿಗೆ, ಹವಾನಿಯಂತ್ರಕವನ್ನು ಐಚ್ಛಿಕ ಸೌಲಭ್ಯವಾಗಿ ನೀಡತೊಡಗಿತು. ಆ ವ್ಯವಸ್ಥೆಯಲ್ಲಿ ಕ್ಲಚ್ ಇರಲಿಲ್ಲ. ಎಂಜಿನ್ ಓಡಿದಾಗಲೆಲ್ಲ ಕಂಪ್ರೆಸರೂ ಓಡುತ್ತಿತ್ತು. ತಂಪು ಬೇಡವಾದ ಕಾಲದಲ್ಲಿ ಎಂಜಿನ್ ನಿಲ್ಲಿಸಿ, ಬಾನೆಟ್ ತೆರೆದು, ಬೆಲ್ಟನ್ನೇ ಕಳಚಿಡಬೇಕಾಗಿತ್ತು. 1954ರ ಪಾಂಟಿಯಾಕ್ ಕಾರುಗಳ ಎಸಿಯಲ್ಲಿ ವಿದ್ಯುತ್ಕಾಂತೀಯ ಕ್ಲಚ್ಚನ್ನು ಬಳಸಲಾಯಿತು. ಅನಂತರ ಹಲವು ದಶಕಗಳ ಕಾಲ ಇದೇ ವಿನ್ಯಾಸ ಪ್ರಚಲಿತವಾಗಿತ್ತು. ಇಂದಿಗೂ ಭಾರತದ ರಸ್ತೆಗಳಲ್ಲಿರುವ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಈ ಬಗೆಯೇ.

ರಚನೆ

ಕ್ಲಚ್ಚಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಕಂಪ್ರೆಸರಿನ ಮೈಗೆ ಅಲುಗಾಡದಂತೆ ಕೂರಿಸಿದ ತಾಮ್ರದ ತಂತಿಯ ಕಾಯಿಲ್ ಮೊದಲನೆಯದು. ಅದರ ಮುಂದೆ ಬೇರಿಂಗಿನ ಮೇಲೆ ಸ್ವತಂತ್ರವಾಗಿ ತಿರುಗುವ ಪುಲ್ಲಿ ಎರಡನೆಯದು. ಪುಲ್ಲಿಯ ಎದುರಿಗೆ, ಕಂಪ್ರೆಸರಿನ ದಂಡಕ್ಕೆ ಬಿಗಿಯಾಗಿ ಜೋಡಿಸಿರುವ ಉಕ್ಕಿನ ತಟ್ಟೆ ಮೂರನೆಯದು. ಕಾಯಿಲಿಗೆ ವಿದ್ಯುತ್ ಹರಿದಾಗ ಅದು ಅಯಸ್ಕಾಂತವಾಗಿ ತಟ್ಟೆಯನ್ನು ಪುಲ್ಲಿಯ ಮುಖಕ್ಕೆ ಸೆಳೆದು ಹಿಡಿಯುತ್ತದೆ. ಆಗ ಕೇಳಿಬರುವ 'ಟಕ್' ಎಂಬ ಸದ್ದು ಚಾಲಕರಿಗೆ ಪರಿಚಿತವಾದುದು. ವಿದ್ಯುತ್ ನಿಂತಾಗ ಸ್ಪ್ರಿಂಗುಗಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ.

ಬಿಡುಗಡೆಯ ಸ್ಥಿತಿಯಲ್ಲಿ ತಟ್ಟೆಗೂ ಪುಲ್ಲಿಗೂ ನಡುವೆ ಇರುವ ಸಂದು ಬಹಳ ಕಿರಿದು. ಕಂಪ್ರೆಸರಿನ ಮಾದರಿಯನ್ನು ಅವಲಂಬಿಸಿ ಇದು ಸಾಮಾನ್ಯವಾಗಿ 0.3ರಿಂದ 0.8 ಮಿಲಿಮೀಟರ್ ಒಳಗಿರುತ್ತದೆ. 12 ವೋಲ್ಟಿನ ಕಾರುಗಳಲ್ಲಿ ಕಾಯಿಲಿನ ರೋಧವು ಸಾಮಾನ್ಯವಾಗಿ 3ರಿಂದ 5 ಓಂ. ಅದು ಎಳೆದುಕೊಳ್ಳುವ ವಿದ್ಯುತ್ ಪ್ರವಾಹ ಮೂರು ನಾಲ್ಕು ಆಂಪಿಯರ್.

ಕ್ಲಚ್ ಹಿಡಿಯಲು ಬೇಕಾದ ಅನುಮತಿಗಳು

ಹಳೆಯ ಕಾರುಗಳಲ್ಲಿ ಎಸಿ ಗುಂಡಿಯಿಂದ ಹೊರಟ ವಿದ್ಯುತ್ತು ಒಂದರ ಹಿಂದೊಂದು ಸ್ವಿಚ್ಚನ್ನು ದಾಟಿ ರಿಲೇಗೆ ತಲುಪುತ್ತಿತ್ತು. ಇಂದಿನ ಕಾರುಗಳಲ್ಲಿ ಗುಂಡಿಯು ಒಂದು ಕೋರಿಕೆಯನ್ನಷ್ಟೇ ಸಲ್ಲಿಸುತ್ತದೆ. ರಿಲೇಯನ್ನು ಸೆಳೆಯಬೇಕೇ ಬೇಡವೇ ಎಂಬುದನ್ನು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ನಿರ್ಧರಿಸುತ್ತದೆ. ಎರಡೂ ಬಗೆಗಳಲ್ಲಿ ಕೇಳಲಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ.

ಬ್ಲೋವರ್ ಓಡುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಗಾಳಿ ಹಾಯದಿದ್ದರೆ ಡ್ಯಾಶ್‌ಬೋರ್ಡಿನ ಒಳಗಿರುವ ಇವಾಪರೇಟರ್ ಹಿಮಗಟ್ಟುತ್ತದೆ. ಮೆಕ್ಯಾನಿಕರು ಇದನ್ನು ಕೂಲಿಂಗ್ ಕಾಯಿಲ್ ಎನ್ನುತ್ತಾರೆ. ಆದ್ದರಿಂದ ಹಲವು ಕಾರುಗಳಲ್ಲಿ ಬ್ಲೋವರ್ ನಿಂತಿದ್ದರೆ ಎಸಿ ಗುಂಡಿಗೆ ಬೆಲೆಯೇ ಇರುವುದಿಲ್ಲ. ಇವಾಪರೇಟರಿನ ಉಷ್ಣಾಂಶ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಸಮೀಪಿಸಿದರೂ ಅಲ್ಲಿನ ಸಂವೇದಕ ಕಂಪ್ರೆಸರನ್ನು ನಿಲ್ಲಿಸುತ್ತದೆ. ಎಂಜಿನ್ ಮಿತಿಮೀರಿ ಕಾದಿದ್ದರೆ, ಬ್ಯಾಟರಿಯ ವೋಲ್ಟೇಜ್ ಕುಸಿದಿದ್ದರೆ, ಸ್ಟಾರ್ಟರ್ ತಿರುಗುತ್ತಿದ್ದರೆ ಅಥವಾ ಚಾಲಕ ಆಕ್ಸಲರೇಟರನ್ನು ಪೂರ್ತಿ ಒತ್ತಿದ್ದರೆ ಇಸಿಯು ಎಸಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತದೆ. ಸಣ್ಣ ಎಂಜಿನ್ನಿನ ಕಾರು ಘಾಟಿಯ ಏರಿನಲ್ಲಿ ಕ್ಷಣಕಾಲ ತಂಪು ಕಳೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ, ಅದು ದೋಷವಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು ಶೀತಕದ ಒತ್ತಡ. ದ್ರವ ಶೀತಕ ಹಾಯುವ ಕೊಳವೆಯಲ್ಲಿ ಅಥವಾ ಡ್ರೈಯರಿನ ಮೇಲೆ ಒತ್ತಡದ ಸ್ವಿಚ್ ಇಲ್ಲವೇ ಸಂವೇದಕ ಇರುತ್ತದೆ. ಹಲವು ಕಾರುಗಳಲ್ಲಿ ಒತ್ತಡವು ಸುಮಾರು 28 ಪಿಎಸ್‌ಐಗಿಂತ ಕೆಳಗಿಳಿದರೆ ಅಥವಾ 455 ಪಿಎಸ್‌ಐ ಆಸುಪಾಸಿಗೆ ಏರಿದರೆ ಸ್ವಿಚ್ ತೆರೆದುಕೊಳ್ಳುತ್ತದೆ. ಕೆಳಮಿತಿಯ ಉದ್ದೇಶವು ಕಂಪ್ರೆಸರಿನ ಪ್ರಾಣ ಉಳಿಸುವುದು. ಕಂಪ್ರೆಸರಿಗೆ ಎಂಜಿನ್ನಿನಂತೆ ಪ್ರತ್ಯೇಕ ಆಯಿಲ್ ಪೂರೈಕೆ ಇಲ್ಲ. ಆಯಿಲ್ ಶೀತಕದೊಂದಿಗೇ ಕೊಳವೆಗಳಲ್ಲೆಲ್ಲ ಸುತ್ತಿ ಮರಳುತ್ತದೆ. ಶೀತಕ ಸೋರಿಹೋದರೆ ಆಯಿಲನ್ನು ಹೊತ್ತು ತರುವ ವಾಹನವೇ ಇಲ್ಲವಾಗಿ, ಕಂಪ್ರೆಸರ್ ಒಣಗಿ ಉಜ್ಜಿ ಬಿಗಿದುಕೊಳ್ಳುತ್ತದೆ.

ಮೇಲ್ಮಿತಿಯ ಪ್ರಸಂಗ ಬೇರೆ. ಕಂಡೆನ್ಸರಿನ ಮುಂದಿನ ಫ್ಯಾನು ನಿಂತುಹೋದಾಗ ಅಥವಾ ಕಂಡೆನ್ಸರಿನ ರೆಕ್ಕೆಗಳ ನಡುವೆ ಧೂಳು, ಕೆಸರು ತುಂಬಿದಾಗ ಶಾಖ ಹೊರಹೋಗದೆ ಒತ್ತಡ ಏರುತ್ತದೆ. ಹೆದ್ದಾರಿಯಲ್ಲಿ ಚೆನ್ನಾಗಿ ತಂಪು ನೀಡಿ, ಸಿಗ್ನಲಿನಲ್ಲಿ ನಿಂತ ಕೂಡಲೇ ಕ್ಲಚ್ ಬಿಡುವ ಕಾರಿನಲ್ಲಿ ಮೊದಲು ಸಂಶಯಿಸಬೇಕಾದದ್ದು ಫ್ಯಾನನ್ನು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಈ ದೋಷ ಬೇಗನೆ ಬಯಲಾಗುತ್ತದೆ. ಚಳಿಗಾಲದಲ್ಲಿ ಅದೇ ಕಾರು ಯಾವ ತೊಂದರೆಯನ್ನೂ ತೋರದಿರಬಹುದು.

ದೋಷಪತ್ತೆಯ ಆರಂಭ

ಎಂಜಿನ್ ಓಡುತ್ತಿರುವಾಗ ಎಸಿ ಮತ್ತು ಬ್ಲೋವರನ್ನು ಹಾಕಿ ಪುಲ್ಲಿಯ ಮುಂದಿನ ತಟ್ಟೆಯನ್ನು ದೂರದಿಂದ ಗಮನಿಸುವುದು ಮೊದಲ ಹೆಜ್ಜೆ. ತಟ್ಟೆ ನಿಂತಿದ್ದು ಪುಲ್ಲಿ ಮಾತ್ರ ತಿರುಗುತ್ತಿದ್ದರೆ ಕ್ಲಚ್ ಹಿಡಿದಿಲ್ಲವೆಂಬುದು ಖಚಿತ. ಕೆಲವು ಕ್ಷಣ ಹಿಡಿದು ಬಿಟ್ಟು ಮತ್ತೆ ಹಿಡಿಯುತ್ತಿದ್ದರೆ ಅದು ಬೇರೆಯೇ ಲಕ್ಷಣ. ಶೀತಕ ಕಡಿಮೆಯಾಗಿರುವಾಗ ಅಥವಾ ಮೇಲ್ಮಿತಿಯ ಒತ್ತಡ ತಲುಪುತ್ತಿರುವಾಗ ಹೀಗಾಗುತ್ತದೆ.

ಮುಂದಿನ ಪರೀಕ್ಷೆಯೇ ಇಡೀ ದೋಷಪತ್ತೆಯ ಕವಲುದಾರಿ: ಎಸಿ ಹಾಕಿದಾಗ ಕ್ಲಚ್ಚಿನ ಕನೆಕ್ಟರಿನಲ್ಲಿ ಬ್ಯಾಟರಿಯಷ್ಟು ವೋಲ್ಟೇಜ್ ಬರುತ್ತಿದೆಯೇ? ವೋಲ್ಟೇಜ್ ಬರುತ್ತಿದ್ದೂ ಕ್ಲಚ್ ಹಿಡಿಯದಿದ್ದರೆ ದೋಷ ಕ್ಲಚ್ಚಿನಲ್ಲಿ ಅಥವಾ ಅದರ ಅರ್ತಿಂಗಿನಲ್ಲಿದೆ. ಬರದಿದ್ದರೆ ದೋಷ ಅದಕ್ಕಿಂತ ಹಿಂದೆ ಇದೆ. ಆಗ ಕಂಪ್ರೆಸರನ್ನು ಮುಟ್ಟುವ ಅಗತ್ಯವೇ ಇಲ್ಲ. ಈ ಒಂದು ಅಳತೆಯನ್ನು ಮಾಡದೆ ಬಿಡಿಭಾಗ ಬದಲಾಯಿಸುವುದಕ್ಕೆ ಯಾವ ಆಧಾರವೂ ಇರುವುದಿಲ್ಲ.

ಅಳೆಯುವಾಗ ಕನೆಕ್ಟರನ್ನು ಕಳಚದೆ, ಕಾಯಿಲ್ ಜೋಡಣೆಯಲ್ಲಿರುವಂತೆಯೇ ಅಳೆಯುವುದು ಒಳ್ಳೆಯದು. ತುಕ್ಕು ಹಿಡಿದ ತಂತಿಯೂ ಹೊರೆ ಇಲ್ಲದಿರುವಾಗ ಮಲ್ಟಿಮೀಟರಿಗೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಮೂರು ಆಂಪಿಯರ್ ಹರಿಯತೊಡಗಿದಾಗ ಮಾತ್ರ ಅದರ ದೌರ್ಬಲ್ಯ ಕಾಣುತ್ತದೆ. ಕರಾವಳಿಯ ಉಪ್ಪು ಗಾಳಿಗೆ ಒಡ್ಡಿಕೊಂಡ ಕಾರುಗಳಲ್ಲಿ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿರುವುದನ್ನು ಪರಿಶೀಲಿಸಬೇಕು. ಒಂದೇ ತಂತಿಯಿರುವ ಕಾಯಿಲುಗಳು ಕಂಪ್ರೆಸರಿನ ಮೈ ಮೂಲಕವೇ ಅರ್ತ್ ಪಡೆಯುವುದರಿಂದ ಎಂಜಿನ್ನಿನ ಅರ್ತ್ ಪಟ್ಟಿ ಸಡಿಲಾದರೂ ಕ್ಲಚ್ ಹಿಡಿಯದು.

ವೋಲ್ಟೇಜ್ ಬರದಿದ್ದಾಗ

ಫ್ಯೂಸನ್ನು ಕಣ್ಣಿನಿಂದ ನೋಡಿ ಬಿಡದೆ ಮಲ್ಟಿಮೀಟರಿನಿಂದ ಪರೀಕ್ಷಿಸಲಾಗುತ್ತದೆ. ಹೊಸ ಫ್ಯೂಸ್ ಹಾಕಿದ ಕೂಡಲೇ ಅದೂ ಸುಟ್ಟರೆ ಕಾಯಿಲಿನಲ್ಲಿ ಅಥವಾ ಅದರ ತಂತಿಯಲ್ಲಿ ಶಾರ್ಟ್ ಇದೆಯೆಂದು ಅರ್ಥ. ಹೆಚ್ಚು ಆಂಪಿಯರಿನ ಫ್ಯೂಸ್ ಹಾಕಿ ಸಮಸ್ಯೆಯನ್ನು ಮುಚ್ಚುವುದು ಬೆಂಕಿಗೆ ದಾರಿ. ರಿಲೇಯ ಪರೀಕ್ಷೆ ಇನ್ನೂ ಸುಲಭ. ಬಹುತೇಕ ಕಾರುಗಳ ಫ್ಯೂಸ್ ಪೆಟ್ಟಿಗೆಯಲ್ಲಿ ಹಾರ್ನಿಗೋ ಬೇರೊಂದು ಕೆಲಸಕ್ಕೋ ಅದೇ ಸಂಖ್ಯೆಯ ರಿಲೇ ಇರುತ್ತದೆ. ಎರಡನ್ನೂ ಅದಲು ಬದಲು ಮಾಡಿದರೆ ಉತ್ತರ ಸಿಗುತ್ತದೆ. ಬಾನೆಟ್ಟಿನ ಕೆಳಗೆ ಬೆಚ್ಚಗಿನ ಜಾಗ ಹುಡುಕಿ ಸೇರುವ ಇಲಿಗಳು ವೈರಿಂಗ್ ಕಡಿಯುವುದೂ ಅಪರೂಪವಲ್ಲ.

ರಿಲೇ ಸರಿಯಿದ್ದೂ ಅದಕ್ಕೆ ಆದೇಶ ಬರದಿದ್ದರೆ ಸ್ಕ್ಯಾನರ್ ನೆರವಿಗೆ ಬರುತ್ತದೆ. ಎಸಿ ಕೋರಿಕೆ ಇಸಿಯುಗೆ ತಲುಪಿದೆಯೇ, ಅದು ರಿಲೇಗೆ ಆದೇಶ ನೀಡಿದೆಯೇ, ಒತ್ತಡದ ಸಂವೇದಕ ಎಷ್ಟು ತೋರಿಸುತ್ತಿದೆ ಎಂಬ ಮೂರು ಸಾಲುಗಳನ್ನು ಓದಿದರೆ ಸರಪಳಿಯ ಯಾವ ಕೊಂಡಿ ತುಂಡಾಗಿದೆಯೆಂದು ತಿಳಿಯುತ್ತದೆ. ಕೋರಿಕೆಯೇ ತಲುಪದಿದ್ದರೆ ಗುಂಡಿ ಅಥವಾ ಬ್ಲೋವರಿನ ಕಡೆ. ಕೋರಿಕೆ ಇದ್ದೂ ಆದೇಶ ಇಲ್ಲದಿದ್ದರೆ ಒತ್ತಡ, ಉಷ್ಣಾಂಶ ಅಥವಾ ಎಂಜಿನ್ನಿನ ಸ್ಥಿತಿಯ ಕಡೆ. ಆದೇಶ ಇದ್ದೂ ವಿದ್ಯುತ್ ಇಲ್ಲದಿದ್ದರೆ ರಿಲೇ ಮತ್ತು ತಂತಿಗಳ ಕಡೆ ಹುಡುಕಬೇಕು. ಪಿ0645 ಎಂಬ ದೋಷಸಂಕೇತ ಕ್ಲಚ್ ರಿಲೇಯ ನಿಯಂತ್ರಣ ಮಂಡಲಕ್ಕೂ ಪಿ0530 ಶೀತಕದ ಒತ್ತಡ ಸಂವೇದಕದ ಮಂಡಲಕ್ಕೂ ಸಂಬಂಧಿಸಿದವು.

ಶೀತಕದ ಒತ್ತಡವನ್ನು ಓದುವ ಬಗೆ

ಗೇಜ್ ಜೋಡಿಸಿದಾಗ ಮುಳ್ಳು ಸಾಕಷ್ಟು ಮೇಲಿದ್ದರೆ 'ಗ್ಯಾಸ್ ಸರಿಯಿದೆ' ಎಂದು ತೀರ್ಮಾನಿಸುವುದು ಈ ಕ್ಷೇತ್ರದಲ್ಲಿ ಪದೇಪದೇ ನಡೆಯುವ ತಪ್ಪು. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದ ಕಾರಿನಲ್ಲಿ ಕೊಳವೆಗಳೊಳಗಿನ ಒತ್ತಡವು ಶೀತಕ ಎಷ್ಟಿದೆ ಎಂಬುದನ್ನಲ್ಲ, ಉಷ್ಣಾಂಶ ಎಷ್ಟಿದೆ ಎಂಬುದನ್ನು ಅವಲಂಬಿಸಿರುತ್ತದೆ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಗ್ಯಾಸ್ ಮುಗಿಯುತ್ತ ಬಂದರೂ ಒಲೆಯ ಉರಿ ಬಹುಮಟ್ಟಿಗೆ ಮೊದಲಿನಂತೆಯೇ ಇರುವುದು ಇದೇ ತತ್ತ್ವದಿಂದ: ಒಳಗೆ ಸ್ವಲ್ಪ ದ್ರವ ಉಳಿದಿರುವವರೆಗೂ ಅದರ ಆವಿಯ ಒತ್ತಡ ಒಂದೇ ಮಟ್ಟದಲ್ಲಿರುತ್ತದೆ.

ಆರ್-134ಎ ಶೀತಕಕ್ಕೆ ಈ ಒತ್ತಡವು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 82, 30 ಡಿಗ್ರಿಯಲ್ಲಿ 97, 35 ಡಿಗ್ರಿಯಲ್ಲಿ 114, 40 ಡಿಗ್ರಿಯಲ್ಲಿ 133 ಪಿಎಸ್‌ಐ. ನಿಂತ ಕಾರಿನ ಗೇಜು ಆ ದಿನದ ಉಷ್ಣಾಂಶಕ್ಕೆ ತಕ್ಕ ಅಂಕಿಯನ್ನು ತೋರಿಸಿದರೆ ವ್ಯವಸ್ಥೆಯಲ್ಲಿ ಸ್ವಲ್ಪವಾದರೂ ದ್ರವವಿದೆ ಎಂದಷ್ಟೇ ಹೇಳಬಹುದು; ಅದು ಪೂರ್ಣ ಪ್ರಮಾಣವೂ ಇರಬಹುದು, ಅರ್ಧವೂ ಇರಬಹುದು. ಅದಕ್ಕಿಂತ ಬಹಳ ಕಡಿಮೆಯಿದ್ದರೆ ದ್ರವವೇ ಇಲ್ಲ, ವ್ಯವಸ್ಥೆ ಬಹುತೇಕ ಬರಿದಾಗಿದೆ. ಹೆಚ್ಚಿದ್ದರೆ ಶೀತಕದೊಡನೆ ಗಾಳಿ ಅಥವಾ ಬೇರೊಂದು ಅನಿಲ ಸೇರಿಕೊಂಡಿದೆ.

ಇದರಿಂದ ಒಂದು ಉಪಯುಕ್ತ ತೀರ್ಮಾನ ದೊರೆಯುತ್ತದೆ. ನಿಂತ ಕಾರಿನಲ್ಲಿ 90 ಪಿಎಸ್‌ಐ ಇದ್ದರೆ ಕೆಳಮಿತಿಯ ಸ್ವಿಚ್ ತೆರೆದಿರಲು ಕಾರಣವಿಲ್ಲ. ಆದರೂ ಕ್ಲಚ್ ಹಿಡಿಯಲು ಯತ್ನಿಸುವುದೇ ಇಲ್ಲವೆಂದಾದರೆ ದೋಷ ಬೇರೆಡೆ ಇದೆ. ಗ್ಯಾಸ್ ತುಂಬಿದರೆ ಅದು ಪರಿಹಾರವಾಗುವುದಿಲ್ಲ, ಬದಲಿಗೆ ಮಿತಿಮೀರಿದ ಶೀತಕದಿಂದ ಹೊಸ ತೊಂದರೆ ಹುಟ್ಟುತ್ತದೆ. ಶೀತಕದ ಪ್ರಮಾಣವನ್ನು ಖಚಿತವಾಗಿ ತಿಳಿಯುವ ಮಾರ್ಗ ಒಂದೇ: ಇರುವುದನ್ನೆಲ್ಲ ಯಂತ್ರದಿಂದ ಹೊರತೆಗೆದು ತೂಗಿ, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಮುದ್ರಿಸಿರುವ ಗ್ರಾಂ ಲೆಕ್ಕದೊಂದಿಗೆ ಹೋಲಿಸುವುದು.

ವೋಲ್ಟೇಜ್ ಬಂದರೂ ಹಿಡಿಯದಿದ್ದಾಗ

ಕನೆಕ್ಟರ್ ಕಳಚಿ ಕಾಯಿಲಿನ ರೋಧ ಅಳೆದಾಗ ಅನಂತವೆಂದು ತೋರಿಸಿದರೆ ಕಾಯಿಲ್ ತುಂಡಾಗಿದೆ. ಕೆಲವು ಕಾಯಿಲುಗಳಲ್ಲಿ ಮಿತಿಮೀರಿ ಕಾದಾಗ ಕರಗಿ ಪ್ರವಾಹ ಕಡಿಯುವ ಉಷ್ಣ ಫ್ಯೂಸ್ ಹುದುಗಿರುತ್ತದೆ. ಅದು ಹೋದರೂ ಇದೇ ಫಲಿತಾಂಶ ಸಿಗುತ್ತದೆ. ಆದರೆ ಫ್ಯೂಸ್ ಕರಗುವಷ್ಟು ಶಾಖ ಎಲ್ಲಿಂದ ಬಂತೆಂದು ಕೇಳದೆ ಕಾಯಿಲ್ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯಬಹುದು. ಜಾರುತ್ತಿರುವ ತಟ್ಟೆ, ಸವೆದ ಪುಲ್ಲಿ ಬೇರಿಂಗ್ ಅಥವಾ ಬಿಗಿಯುತ್ತಿರುವ ಕಂಪ್ರೆಸರ್ ಇದರ ಹಿಂದಿರಬಹುದು.

ಹೆಚ್ಚು ಗೊಂದಲ ಉಂಟುಮಾಡುವ ದೋಷವೆಂದರೆ ಸಂದು ಹಿಗ್ಗಿರುವುದು. ಪ್ರತಿ ಸಲ ಹಿಡಿದು ಬಿಡುವಾಗಲೂ ತಟ್ಟೆ ಮತ್ತು ಪುಲ್ಲಿಯ ಮುಖಗಳು ಕಿಂಚಿತ್ತು ಸವೆಯುತ್ತವೆ. ವರ್ಷಗಳ ಬಳಕೆಯ ನಂತರ ಸಂದು ಮಿತಿಯನ್ನು ದಾಟುತ್ತದೆ. ಆಗ ಕಾರು ಬೆಳಿಗ್ಗೆ ಹೊರಡುವಾಗ ಎಸಿ ಸರಿಯಾಗಿ ಕೆಲಸ ಮಾಡಿ, ಒಂದು ಗಂಟೆಯ ಪ್ರಯಾಣದ ನಂತರ ನಿಂತುಹೋಗಿ, ಎಂಜಿನ್ ತಣಿದ ಮೇಲೆ ಮತ್ತೆ ಸರಿಹೋಗುತ್ತದೆ. ಗ್ಯಾರೇಜಿಗೆ ತಲುಪಿ ಸರದಿ ಕಾಯುವಷ್ಟರಲ್ಲಿ ದೋಷ ಮಾಯವಾಗಿರುತ್ತದೆ. ಇದರ ಕಾರಣ ತಾಮ್ರದ ಗುಣದಲ್ಲಿದೆ. ತಾಮ್ರದ ರೋಧವು ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಹೆಚ್ಚುತ್ತದೆ. 20 ಡಿಗ್ರಿಯಲ್ಲಿ 3.6 ಓಂ ಇದ್ದ ಕಾಯಿಲ್ 100 ಡಿಗ್ರಿಯಲ್ಲಿ 4.7 ಓಂ ಆಗುತ್ತದೆ. 12 ವೋಲ್ಟಿನಲ್ಲಿ ಹರಿಯುವ ಪ್ರವಾಹ 3.3 ಆಂಪಿಯರಿನಿಂದ ಸುಮಾರು 2.5ಕ್ಕೆ ಇಳಿಯುತ್ತದೆ. ಕುಗ್ಗಿದ ಅಯಸ್ಕಾಂತಕ್ಕೆ ಹಿಗ್ಗಿದ ಸಂದನ್ನು ದಾಟಿ ತಟ್ಟೆಯನ್ನು ಸೆಳೆಯಲು ಶಕ್ತಿ ಸಾಲುವುದಿಲ್ಲ.

ಎಂಜಿನ್ ನಿಲ್ಲಿಸಿ ಫೀಲರ್ ಗೇಜಿನಿಂದ ತಟ್ಟೆಯ ಸುತ್ತ ಮೂರು ಕಡೆ ಸಂದನ್ನು ಅಳೆದರೆ ಇದು ಖಚಿತವಾಗುತ್ತದೆ. ಹಲವು ಮಾದರಿಗಳಲ್ಲಿ ತಟ್ಟೆಯ ಹಿಂದೆ ತೆಳುವಾದ ಲೋಹದ ವಾಷರುಗಳಿದ್ದು, ಅವುಗಳಲ್ಲೊಂದನ್ನು ತೆಗೆದರೆ ಸಂದು ಮತ್ತೆ ಮಿತಿಯೊಳಗೆ ಬರುತ್ತದೆ. ಗ್ಯಾಸ್ ಹೊರತೆಗೆಯದೆ, ಕಂಪ್ರೆಸರ್ ಇಳಿಸದೆ ಮುಗಿಯಬಹುದಾದ ಈ ಕೆಲಸದ ಬದಲು ಇಡೀ ಕಂಪ್ರೆಸರನ್ನು ಮಾರಾಟ ಮಾಡಲಾಗುವುದೂ ಉಂಟು. ಓಡುತ್ತಿರುವ ಎಂಜಿನ್ನಿನಲ್ಲಿ ತಟ್ಟೆಯನ್ನು ಕೋಲಿನಿಂದ ತಳ್ಳಿ ಹಿಡಿಯುವುದೇ ಎಂದು ನೋಡುವ ಪದ್ಧತಿ ಕೆಲವೆಡೆ ಇದೆ. ತಿರುಗುವ ಬೆಲ್ಟಿನ ಪಕ್ಕದಲ್ಲಿ ಮಾಡುವ ಈ ಪ್ರಯೋಗ ಕೈಗೆ ಅಪಾಯಕಾರಿ.

ಕೊನೆಯದಾಗಿ, ಕಂಪ್ರೆಸರ್ ನಿಜವಾಗಿಯೂ ಬಿಗಿದುಕೊಂಡಿರಬಹುದು. ಎಂಜಿನ್ ನಿಲ್ಲಿಸಿ ತಟ್ಟೆಯನ್ನು ಕೈಯಿಂದ ತಿರುಗಿಸಿದಾಗ ಅದು ಸ್ವಲ್ಪ ತಡೆಯೊಂದಿಗೆ ತಿರುಗಬೇಕು. ತಿರುಗದಿದ್ದರೆ, ಅಥವಾ ಕ್ಲಚ್ ಹಿಡಿದ ಕ್ಷಣ ಬೆಲ್ಟು ಕಿರುಚಿ ಸುಟ್ಟ ರಬ್ಬರಿನ ವಾಸನೆ ಬಂದರೆ ಕಂಪ್ರೆಸರ್ ಬದಲಾವಣೆ ಅನಿವಾರ್ಯ. ಆಗ ಹೊಸ ಕಂಪ್ರೆಸರ್ ಒಂದೇ ಸಾಲದು. ಹಳೆಯದರಿಂದ ಉದುರಿದ ಲೋಹದ ಪುಡಿ ಕಂಡೆನ್ಸರಿನಲ್ಲೂ ಎಕ್ಸ್‌ಪಾನ್ಶನ್ ವಾಲ್ವಿನಲ್ಲೂ ಉಳಿದಿರುವುದರಿಂದ ಕೊಳವೆಗಳನ್ನು ತೊಳೆದು, ಡ್ರೈಯರ್ ಬದಲಿಸಬೇಕು. ಕೆಲವೊಮ್ಮೆ ಕಂಡೆನ್ಸರನ್ನೂ ಬದಲಿಸಬೇಕಾಗುತ್ತದೆ. ಒಂದೇ ಬೆಲ್ಟು ಆಲ್ಟರ್ನೇಟರ್ ಮತ್ತು ನೀರಿನ ಪಂಪನ್ನೂ ಓಡಿಸುವ ಕಾರುಗಳಲ್ಲಿ ಈ ದೋಷವನ್ನು ಮುಂದೂಡಿದರೆ ಕಾರೇ ದಾರಿಯಲ್ಲಿ ನಿಲ್ಲಬಹುದು.

ಸ್ವಿಚ್ಚನ್ನು ಬೈಪಾಸ್ ಮಾಡುವುದರ ಅಪಾಯ

ಒತ್ತಡದ ಸ್ವಿಚ್ಚಿನ ಎರಡು ತಂತಿಗಳನ್ನು ತಂತಿತುಂಡಿನಿಂದ ಸೇರಿಸಿ, ಅಥವಾ ಬ್ಯಾಟರಿಯಿಂದ ಕಾಯಿಲಿಗೆ ನೇರ ವಿದ್ಯುತ್ ನೀಡಿ ಕ್ಲಚ್ ಹಿಡಿಯುವುದೇ ಎಂದು ನೋಡುವುದುಂಟು. ಎಂಜಿನ್ ನಿಂತಿರುವಾಗ ಕ್ಷಣಮಾತ್ರ ಹೀಗೆ ಮಾಡಿ 'ಟಕ್' ಸದ್ದನ್ನು ಆಲಿಸಿದರೆ ಕಾಯಿಲ್ ಜೀವಂತವಾಗಿದೆಯೇ ಎಂಬುದು ತಿಳಿಯುತ್ತದೆ, ಹಾನಿಯೂ ಆಗದು. ಎಂಜಿನ್ ಓಡುತ್ತಿರುವಾಗ ಹೀಗೆ ಬೈಪಾಸ್ ಮಾಡಿ ಹಾಗೆಯೇ ಬಿಟ್ಟರೆ ಶೀತಕವಿಲ್ಲದ ಕಂಪ್ರೆಸರ್ ಆಯಿಲ್ ಇಲ್ಲದೆ ಓಡಿ ಹಾಳಾಗುತ್ತದೆ. ಸಣ್ಣ ಸೋರಿಕೆಯ ಖರ್ಚು ಕಂಪ್ರೆಸರಿನ ಖರ್ಚಾಗಿ ಬೆಳೆಯುವುದು ಹೆಚ್ಚಾಗಿ ಹೀಗೆಯೇ. ಮೂರು ತಂತಿಗಳ ಸಂವೇದಕವಿರುವ ಕಾರುಗಳಲ್ಲಂತೂ ಇದನ್ನು ಮಾಡಲೇಬಾರದು. ಅದು ಸ್ವಿಚ್ಚಲ್ಲ; 5 ವೋಲ್ಟಿನಲ್ಲಿ ಕೆಲಸ ಮಾಡುವ ಅಳತೆಯ ಸಾಧನ. ಅದರ ತಂತಿಗಳನ್ನು ಸೇರಿಸಿದರೆ ಇಸಿಯುಗೂ ಪೆಟ್ಟಾಗಬಹುದು.

ಸೋರಿಕೆ ಮತ್ತು ಮರುಭರ್ತಿ

ಕಾರಿನ ಎಸಿ ಮುಚ್ಚಿದ ವ್ಯವಸ್ಥೆ. ಪೆಟ್ರೋಲಿನಂತೆ ಶೀತಕ ಖರ್ಚಾಗುವುದಿಲ್ಲ. ರಬ್ಬರ್ ಕೊಳವೆ ಮತ್ತು ಸೀಲುಗಳ ಮೂಲಕ ವರ್ಷಗಳ ಅವಧಿಯಲ್ಲಿ ಅಲ್ಪ ಪ್ರಮಾಣ ಜಿನುಗುವುದು ಸಹಜವಾದರೂ, ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸಬೇಕಾದ ಕಾರಿನಲ್ಲಿ ಸೋರಿಕೆ ಇದ್ದೇ ಇದೆ. ಸೋರಿದ ಜಾಗದಲ್ಲಿ ಶೀತಕದೊಂದಿಗೆ ಹೊರಬಂದ ಆಯಿಲಿನ ಜಿಡ್ಡು, ಅದಕ್ಕೆ ಅಂಟಿದ ಧೂಳು ಮೊದಲ ಸುಳಿವು. ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ, ವಿದ್ಯುನ್ಮಾನ ಶೋಧಕ ಹಾಗೂ ಒಣ ನೈಟ್ರೋಜನ್ ತುಂಬಿ ಸಾಬೂನು ನೊರೆ ಹಚ್ಚುವ ಕ್ರಮ ಖಚಿತ ವಿಧಾನಗಳು. ಈ ಪರೀಕ್ಷೆಗೆ ಆಮ್ಲಜನಕವನ್ನಾಗಲಿ ಏರ್ ಕಂಪ್ರೆಸರಿನ ಗಾಳಿಯನ್ನಾಗಲಿ ಬಳಸಬಾರದು.

ಸೋರಿಕೆ ಸರಿಪಡಿಸಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ವ್ಯವಸ್ಥೆಯನ್ನು ನಿರ್ವಾತಗೊಳಿಸಬೇಕು. ಇದರಿಂದ ಗಾಳಿ ಹೊರಹೋಗುವುದಲ್ಲದೆ, ತಗ್ಗಿದ ಒತ್ತಡದಲ್ಲಿ ನೀರಿನ ಪಸೆ ಸಾಧಾರಣ ಉಷ್ಣಾಂಶದಲ್ಲೇ ಕುದಿದು ಆವಿಯಾಗಿ ಹೋಗುತ್ತದೆ. ಉಳಿದ ಪಸೆ ಆಯಿಲಿನೊಂದಿಗೆ ಸೇರಿ ಆಮ್ಲವನ್ನುಂಟುಮಾಡುತ್ತದೆ, ಎಕ್ಸ್‌ಪಾನ್ಶನ್ ವಾಲ್ವಿನ ಕಿಂಡಿಯಲ್ಲಿ ಹಿಮವಾಗಿ ಕಟ್ಟಿಕೊಳ್ಳುತ್ತದೆ. ಅವಸರದಲ್ಲಿ ಈ ಹಂತವನ್ನು ಬಿಟ್ಟು ನೇರವಾಗಿ ಡಬ್ಬಿಯಿಂದ ತುಂಬಿದ ಗ್ಯಾಸ್ ಅಗ್ಗವೆನಿಸಿದರೂ ದುಬಾರಿಯಾಗುತ್ತದೆ. ಅಡುಗೆ ಅನಿಲದಂತಹ ಹೈಡ್ರೋಕಾರ್ಬನ್ ಬೆರೆತ ಕಲಬೆರಕೆ ಶೀತಕ ಇನ್ನೂ ಅಪಾಯಕಾರಿ. ಇವಾಪರೇಟರ್ ಸೋರಿದರೆ ಹೊತ್ತಿಕೊಳ್ಳಬಲ್ಲ ಅನಿಲ ನೇರವಾಗಿ ಪ್ರಯಾಣಿಕರ ಕೋಣೆಗೆ ಬರುತ್ತದೆ.

ಓಜೋನ್ ಪದರವನ್ನು ಹಾಳುಮಾಡುವ ಆರ್-12 ಶೀತಕವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ, ಭೂಮಿಯನ್ನು ಬಿಸಿಯೇರಿಸುವ ಸಾಮರ್ಥ್ಯದಲ್ಲಿ ಕಾರ್ಬನ್ ಡೈಆಕ್ಸೈಡಿನ 1430 ಪಟ್ಟು ಎಂದು ಲೆಕ್ಕಹಾಕಲಾಗಿದೆ. ಈ ಲೆಕ್ಕದಂತೆ ಸಣ್ಣ ಕಾರಿನ 450 ಗ್ರಾಂ ಶೀತಕವನ್ನು ಗಾಳಿಗೆ ಬಿಡುವುದು ಸುಮಾರು 640 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡಿಗೆ ಸಮ. ವಾಲ್ವಿನ ಪಿನ್ ಒತ್ತಿ 'ಬುಸ್' ಎನ್ನುತ್ತದೆಯೇ ಎಂದು ನೋಡುವ ಅಭ್ಯಾಸ ಆದ್ದರಿಂದ ಸಲ್ಲದು. ಸಾಮಾನ್ಯ ಒತ್ತಡದಲ್ಲಿ ಆರ್-134ಎ ಸೊನ್ನೆಗಿಂತ 26 ಡಿಗ್ರಿ ಕೆಳಗೆ ಕುದಿಯುವುದರಿಂದ, ಚಿಮ್ಮಿದ ದ್ರವ ಚರ್ಮವನ್ನೂ ಕಣ್ಣನ್ನೂ ಹೆಪ್ಪುಗಟ್ಟಿಸಬಲ್ಲದು. ಕನ್ನಡಕ ಮತ್ತು ಕೈಗವಸು ಧರಿಸುವುದು ಅಗತ್ಯ.

ಕ್ಲಚ್ ಇಲ್ಲದ ಕಂಪ್ರೆಸರ್‌ಗಳು

ಇತ್ತೀಚಿನ ಹಲವು ಕಾರುಗಳ ಕಂಪ್ರೆಸರಿನಲ್ಲಿ ಕ್ಲಚ್ ಇರುವುದೇ ಇಲ್ಲ. ಪುಲ್ಲಿಯೊಂದಿಗೆ ದಂಡವೂ ಸದಾ ತಿರುಗುತ್ತದೆ. ಒಳಗಿನ ಓರೆ ತಟ್ಟೆಯ ಕೋನವನ್ನು ವಿದ್ಯುತ್ ವಾಲ್ವೊಂದು ಬದಲಿಸಿ ತಂಪನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇಂತಹ ಕಾರಿನಲ್ಲಿ 'ಟಕ್' ಸದ್ದನ್ನು ಕಾಯುವುದಕ್ಕಾಗಲಿ ತಟ್ಟೆ ತಿರುಗುತ್ತಿದೆ ಎಂದು ಸಮಾಧಾನಪಡುವುದಕ್ಕಾಗಲಿ ಅರ್ಥವಿಲ್ಲ. ವಾಲ್ವಿಗೆ ಹೋಗುವ ಸಂಕೇತವನ್ನೂ ಒತ್ತಡಗಳನ್ನೂ ಸ್ಕ್ಯಾನರಿನಲ್ಲಿ ನೋಡಿಯೇ ನಿರ್ಧರಿಸಬೇಕು. ಕಂಪ್ರೆಸರ್ ಬಿಗಿದುಕೊಂಡರೆ ಬೆಲ್ಟನ್ನು ಉಳಿಸಲು ಪುಲ್ಲಿಯ ನಡುವಿನ ದುರ್ಬಲ ಕೊಂಡಿ ತಾನಾಗಿ ಮುರಿಯುವಂತೆ ಹಲವು ಮಾದರಿಗಳಲ್ಲಿ ರಚಿಸಿರುತ್ತಾರೆ. ಆಗ ಪುಲ್ಲಿ ತಿರುಗುತ್ತಿದ್ದು ನಡುವಿನ ಭಾಗ ನಿಂತಿರುತ್ತದೆ.

ವಿದ್ಯುತ್ ಕಾರುಗಳಲ್ಲಿ ಮತ್ತು ಹಲವು ಹೈಬ್ರಿಡ್ ಕಾರುಗಳಲ್ಲಿ ಬೆಲ್ಟೂ ಇಲ್ಲ. ಕಂಪ್ರೆಸರನ್ನು ನೂರಾರು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಮೋಟಾರು ಓಡಿಸುತ್ತದೆ. ಇವುಗಳಿಗೆ ವಿದ್ಯುತ್ ನಿರೋಧಕ ಗುಣವಿರುವ ಪ್ರತ್ಯೇಕ ಬಗೆಯ ಆಯಿಲ್ ಬೇಕು. ಸಾಮಾನ್ಯ ಕಾರಿನ ಎಸಿ ಆಯಿಲ್ ಸ್ವಲ್ಪ ಬೆರೆತರೂ ವಿದ್ಯುತ್ ಮೈಗೆ ಸೋರಿ, ಸುರಕ್ಷತೆಗಾಗಿ ಕಾರು ಇಡೀ ಉನ್ನತ ವೋಲ್ಟೇಜ್ ವ್ಯವಸ್ಥೆಯನ್ನೇ ಕಡಿದುಹಾಕಬಹುದು. ಕಿತ್ತಳೆ ಬಣ್ಣದ ಕೇಬಲುಗಳಿರುವ ಇಂತಹ ಕಂಪ್ರೆಸರನ್ನು ತರಬೇತಿ ಪಡೆದ ತಂತ್ರಜ್ಞರಲ್ಲದವರು ಮಲ್ಟಿಮೀಟರಿನಿಂದ ಪರೀಕ್ಷಿಸಬಾರದು.